ಎಂಟು ಬೋಳು ಅಚ್ಚು, ಒಂದು ಕಮಲ

‘ಏನ್ ಕೆಲಸದಾಗ ಇದ್ರಿ?’ ಎಂದು ಯಾರಾದರೂ ಕೇಳಿದರೆ ‘ಅಚ್ಚು ಕಾಯ್ತಿದ್ದೆ’ ಎನ್ನುತ್ತೇನೆ. ಕೇಳಿದವರು ಒಂದು ಗಳಿಗೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಬಿಡಿಸಿ ಹೇಳಲು ನನಗೂ ಬೇಸರ. ಆದರೆ ಹೋದ ತಿಂಗಳು ಸವಣೂರಿನಿಂದ ಇಬ್ಬರು ಹುಡುಗಿಯರು ಹತ್ತಿಮತ್ತೂರಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಮನೆಯಲ್ಲೇ ಕೂತು ಶುಭಾಶಯ ಪತ್ರ, ಲಗ್ನಪತ್ರಿಕೆ ಮಾಡಿ ಮೊಬೈಲಿನ ಮೂಲಕ ಮಾರುತ್ತಾರಂತೆ. ಒಬ್ಬಳು ಚೀಲದಿಂದ ಒಂದು ಹಿಡಿ ರಬ್ಬರ್ ಅಚ್ಚು ತೆಗೆದು ನನ್ನ ಮುಂದೆ ಸುರಿದಳು. ಒಂದಕ್ಕೊಂದು ಅಂಟಿಕೊಂಡು, ಮಸಿ ಒಣಗಿ, ಹೂವು ಯಾವುದು, ಹಕ್ಕಿ ಯಾವುದು ಎಂದು ತಿಳಿಯದ ಹಾಗಾಗಿದ್ದವು. ‘ಇವನ್ನ ಜ್ವಾಪಾನ ಮಾಡೂದು ಹೆಂಗ್ರಿ ಅವ್ವಾರ?’ ಎಂದಳು. ನನಗೆ ಬೈಯಬೇಕೆನಿಸಿತು, ಬೈದೆ. ಆಮೇಲೆ ಚಹಾ ಕೊಟ್ಟು, ಗೊತ್ತಿದ್ದದ್ದನ್ನೆಲ್ಲ ಬರೆದು ಕೊಡುತ್ತೇನೆ ಎಂದೆ.

ಬರೆಯಲು ಕೂತರೆ ಜೋಪಾನದ ಮಾತಿಗಿಂತ ಮೊದಲು ಮಾನಪ್ಪ ಕಾಕಾ ನೆನಪಾಗುತ್ತಾರೆ. ನಾನು ಕೆಲಸಕ್ಕಿದ್ದ ಕೈಕಾಗದ ಘಟಕಕ್ಕೆ ಅಚ್ಚು ಕೊರೆದು ಕೊಡುತ್ತಿದ್ದವರು ಅವರು. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವರು, ಬಡಿಗೇರ ಮನೆತನ. ಕಣ್ಣು ಪೂರಾ ಹೋಗುವುದರೊಳಗೆ ಒಂದು ದೊಡ್ಡ ಕಮಲವನ್ನು ಎಂಟು ತುಂಡು ರಬ್ಬರಿನಲ್ಲಿ ಕೊರೆದು, ಅದನ್ನು ಒಂದೇ ಕಾಗದದ ಮೇಲೆ ಇಡಿಯಾಗಿ ಕಾಣಬೇಕೆಂದು ಹಟ ತೊಟ್ಟಿದ್ದರು. ಅದನ್ನು ನಾನು ಕೆಡಿಸಿದೆ. ಅದೂ ಭಕ್ತಿಯಿಂದ ಕೆಡಿಸಿದೆ. ಆ ಸಂಗತಿ ಬಿಟ್ಟು ನಾನು ಬೇರೆ ಏನು ಬುದ್ಧಿ ಹೇಳಿದರೂ ಅದು ಅರ್ಧ ಸುಳ್ಳಾಗುತ್ತದೆ.

ನಮ್ಮ ಘಟಕ ಇದ್ದದ್ದು ಶಿಗ್ಗಾಂವಿಯ ಒಂದು ಹಳೆಯ ಅರಳೆ ಗೋದಾಮಿನಲ್ಲಿ. ಹಿಂದಿನ ಅಂಗಳದಲ್ಲಿ ಚಿಂದಿ ಬಟ್ಟೆ ಅರೆದು ಕೈಯಿಂದಲೇ ಕಾಗದ ಮಾಡುತ್ತಿದ್ದರು. ಮುಂದಿನ ಕೋಣೆಯಲ್ಲಿ ನಾವು ಏಳೆಂಟು ಹೆಂಗಸರು ಆ ಕಾಗದವನ್ನು ಕತ್ತರಿಸಿ, ಮಡಚಿ, ಅಚ್ಚು ಒತ್ತಿ ಪತ್ರ, ಲಕೋಟೆ, ಉಡುಗೊರೆ ಚೀಲ ಮಾಡುತ್ತಿದ್ದೆವು. ನಾನು ಸೇರಿದ ಮೊದಲ ವಾರವೇ ಒಂದು ಕಟ್ಟು ಲಕೋಟೆಗೆ ನವಿಲನ್ನು ತಲೆಕೆಳಗಾಗಿ ಒತ್ತಿಬಿಟ್ಟೆ. ನಮ್ಮ ಮ್ಯಾನೇಜರ್ ಕುಲಕರ್ಣಿ ಸಾಹೇಬರು ಒಂದೊಂದೇ ಲಕೋಟೆ ಎತ್ತಿ ನೋಡಿದರು. ‘ಏನ್ರಿ ಗಿರಿಜಾಬಾಯಿ, ನಿಮ್ಮ ನವಿಲು ಎಲ್ಲಾ ಶೀರ್ಷಾಸನ ಹಾಕ್ಯಾವಲ್ಲ?’ ಎಂದರು. ಕೋಣೆಯೆಲ್ಲ ನಕ್ಕಿತು. ‘ನೀವು ಒತ್ತೂದು ಬ್ಯಾಡ. ಆ ಕಪಾಟದ ಮುಂದ ಕುಂತು ಅಚ್ಚು ಕಾಯ್ರಿ,’ ಎಂದು ಹೇಳಿ ಕೀಲಿ ಕೈ ನನ್ನ ಕೈಗೆ ಹಾಕಿದರು. ಶಿಕ್ಷೆಯೆಂದು ಕೊಟ್ಟ ಆ ಕೀಲಿ ಕೈಯನ್ನು ನಾನು ನಿವೃತ್ತಿಯ ದಿನದವರೆಗೂ ಬಿಡಲಿಲ್ಲ.

ಆಗ ಪ್ರತಿ ಅಚ್ಚಿಗೂ ಕಟ್ಟಿಗೆಯ ಹಿಡಿಕೆ ಇತ್ತು. ಒಂದು ಅಚ್ಚೆಂದರೆ ಒಂದು ಹಿಡಿ ಕಟ್ಟಿಗೆ. ಹೀಗಾಗಿ ಕಪಾಟು ಸದಾ ತುಂಬಿ ತುಳುಕುತ್ತಿತ್ತು. ಒಂದು ಮಳೆಗಾಲ ಕೆಳಗಿನ ಅರೆಯಿಂದ ಮಾವಿನಕಾಯಿ ಅಚ್ಚು ತೆಗೆಯಲು ಹೋದೆ. ಹಿಡಿಕೆ ನನ್ನ ಬೆರಳಿನಲ್ಲಿ ಹುಡಿಯಾಯಿತು. ಪಕ್ಕದ್ದು ಮುಟ್ಟಿದೆ, ಅದೂ ಹುಡಿ. ಗೆದ್ದಲು ಹೊರಗಿನ ಬಣ್ಣ ಮಾತ್ರ ಬಿಟ್ಟು ಒಳಗಿನದನ್ನೆಲ್ಲ ತಿಂದಿತ್ತು. ಆದರೆ ಆ ಮಣ್ಣು ಕೊಡವಿ ನೋಡಿದರೆ ಒಂದೊಂದು ರಬ್ಬರೂ ಹಾಗೆಯೇ ಇತ್ತು. ಹೂವಿನ ಕೇಸರ, ಗಿಳಿಯ ಕಣ್ಣು, ಒಂದು ಗೆರೆಯೂ ಮುಕ್ಕಾಗಿರಲಿಲ್ಲ. ನಾನು ನೆಲದ ಮೇಲೆ ಕೂತು ಅಂಗೈ ತುಂಬ ಆ ತೆಳ್ಳನೆಯ ರಬ್ಬರುಗಳನ್ನು ಹಿಡಿದುಕೊಂಡು ನೋಡುತ್ತಲೇ ಇದ್ದೆ. ಇಷ್ಟೇ ಅಚ್ಚು, ಉಳಿದದ್ದೆಲ್ಲ ಬರಿಯ ಕಟ್ಟಿಗೆ ಎಂದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. ‘ಇನ್ನ ಇವನ್ನ ಹೆಂಗ ಹಿಡದು ಒತ್ತೂದ್ರಿ?’ ಎಂದರು. ಆ ಹೊತ್ತಿಗೆ ಹೊಸ ಅಚ್ಚು ತಂದಿದ್ದ ಮಾನಪ್ಪ ಕಾಕಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಒಳಗೆ ಬಂದು, ಕಿಟಕಿಗೆಂದು ತಂದು ಉಳಿದಿದ್ದ ದಪ್ಪ ಗಾಜಿನ ತುಂಡೊಂದನ್ನು ಎತ್ತಿಕೊಂಡರು. ಒಂದು ರಬ್ಬರಿನ ಬೆನ್ನಿಗೆ ಚೂರು ಅಂಟು ಸವರಿ ಗಾಜಿಗೆ ಕೂಡಿಸಿದರು, ಪ್ಯಾಡಿಗೆ ತಟ್ಟಿದರು, ಕಾಗದದ ಮೇಲೆ ತಂದು ಹಿಡಿದರು.

‘ತಂಗಿ, ಬಗ್ಗಿ ನೋಡು. ಎಲ್ಲಿ ಬೀಳತೈತಿ ಅಂತ ಕಾಣತೈತೇನು?’

ಕಂಡಿತು. ಗಾಜಿನ ಮೂಲಕ ಹೂವು, ಹೂವಿನ ಕೆಳಗೆ ಕಾಗದ, ಕಾಗದದ ಮೇಲಿನ ಗುರುತು, ಎಲ್ಲವೂ ಒಂದರ ಕೆಳಗೊಂದು ನಿಚ್ಚಳವಾಗಿ ಕಂಡವು. ಅಷ್ಟು ದಿನ ಕಟ್ಟಿಗೆಯ ಹಿಂದೆ ಅಚ್ಚನ್ನು ಅಡಗಿಸಿಟ್ಟುಕೊಂಡು ನಾವು ಅಂದಾಜಿನ ಮೇಲೆ ಒತ್ತುತ್ತಿದ್ದೆವು. ನನ್ನ ಶೀರ್ಷಾಸನದ ನವಿಲಿಗೂ ಅದೇ ಕಾರಣ ಎಂದು ಸಾಹೇಬರಿಗೆ ಅಲ್ಲೇ ಹೇಳಿದೆ. ಅವರು ಒಪ್ಪಲಿಲ್ಲ.

ಅಂದಿನಿಂದ ನಮ್ಮಲ್ಲಿ ಹಿಡಿಕೆ ಹೋಯಿತು. ಗಟ್ಟಿಯಿದ್ದ ಹಿಡಿಕೆಗಳನ್ನೂ ಬಿಸಿ ಮಾಡಿ, ಅಂಟು ಸಡಿಲಾದ ಮೇಲೆ ಮೆಲ್ಲಗೆ ರಬ್ಬರ್ ಬಿಡಿಸಿಕೊಂಡೆವು. ಬೋಳು ಅಚ್ಚು ಎಂಬ ಹೆಸರು ನಮ್ಮ ಕೋಣೆಯಲ್ಲೇ ಹುಟ್ಟಿತು. ನಿಮ್ಮ ಕೈಗೆ ಈಗ ಹಗುರಾದ ಅಕ್ರಿಲಿಕ್ ತುಂಡು ಬಂದಿದೆ, ಬೆನ್ನಿಗೆ ತಾನೇ ಅಂಟಿಕೊಳ್ಳುವ ಮೆತ್ತೆಯ ಹಾಳೆ ಬಂದಿದೆ. ನಮಗೆ ಗಾಜು, ಅದೂ ಅಂಚು ತಿಕ್ಕದಿದ್ದರೆ ಕೈ ಕೊಯ್ಯುವ ಗಾಜು. ಒಣಗಿದ ಮೇಲೂ ಅಂಟಂಟಾಗಿ ಉಳಿಯುವ ಒಂದು ಬಗೆಯ ಗೋಂದನ್ನು ಸಾಹೇಬರು ಹುಬ್ಬಳ್ಳಿಯಿಂದ ತರಿಸುತ್ತಿದ್ದರು.

ಇನ್ನು ಇಡುವುದೆಲ್ಲಿ ಎಂಬ ಪ್ರಶ್ನೆ ಬಂತು. ಬೋಳು ರಬ್ಬರನ್ನು ಡಬ್ಬಿಯಲ್ಲಿ ಸುರಿದಿಟ್ಟರೆ ಮುಖಕ್ಕೆ ಮುಖ ಅಂಟಿ ಗೆರೆ ಮೊಂಡಾಗುತ್ತವೆ. ಕಾಗದಕ್ಕೆ ಅಂಟಿಸಿದರೆ ಬಿಡಿಸುವಾಗ ಕಾಗದವೇ ಕಿತ್ತು ಬರುತ್ತದೆ. ನಮ್ಮ ಎದುರಿನ ದವಾಖಾನೆಯಲ್ಲಿ ಬೇಡವಾದ ಎಕ್ಸ್‌ರೇ ಹಾಳೆಗಳ ಒಂದು ಗಂಟು ಬಿದ್ದಿತ್ತು. ಕೇಳಿ ತಂದು, ಹೆಸರಿದ್ದ ಅಂಚು ಕತ್ತರಿಸಿ ಎಸೆದು, ಒಂದೊಂದು ಹಾಳೆಗೆ ಹತ್ತು ಹನ್ನೆರಡು ಅಚ್ಚು ಅಂಟಿಸಿದೆ. ನುಣ್ಣನೆಯ ಹಾಳೆ, ಅಂಟಿಸಿದರೆ ನಿಲ್ಲುತ್ತದೆ, ಎತ್ತಿದರೆ ಬರುತ್ತದೆ. ಹಾಳೆಗಳನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿದೆ, ಮಲಗಿಸಲಿಲ್ಲ. ಪ್ರತಿ ಹಾಳೆಯ ಹಿಂದೆ ಅದರಲ್ಲಿದ್ದ ಅಚ್ಚುಗಳನ್ನೆಲ್ಲ ಒಂದು ಬಿಳಿ ಕಾಗದದ ಮೇಲೆ ಒತ್ತಿ ಇಟ್ಟೆ. ಹುಡುಕುವಾಗ ಕಾಗದ ನೋಡಿದರೆ ಸಾಕು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರೆ ಯಾರದೋ ಮೊಣಕಾಲಿನ ಮೇಲೆ ನವಿಲು ಕೂತಿರುತ್ತಿತ್ತು, ಯಾರದೋ ಪಕ್ಕೆಲುಬಿನ ಸಾಲಿನಲ್ಲಿ ಮಲ್ಲಿಗೆ ಬಳ್ಳಿ. ಮೊದಮೊದಲು ಹೆದರಿಕೆಯಾಯಿತು. ಆಮೇಲೆ ನಮ್ಮೊಳಗೆ ಇಂಥದ್ದೊಂದು ಕೆತ್ತನೆ ಇದೆಯಲ್ಲ ಎಂದು ಬೆರಗಾಗಿ, ಕೆಲಸವಿಲ್ಲದಾಗಲೂ ಎತ್ತಿ ನೋಡುತ್ತಿದ್ದೆ.

ತಪ್ಪು ಮಾಡದೆ ಕಲಿತೆ ಎಂದು ತಿಳಿಯಬೇಡಿ. ಒಣಗಿದ ಮಸಿ ಹೋಗಲೆಂದು ಒಮ್ಮೆ ಸೀಮೆಎಣ್ಣೆಯಲ್ಲಿ ತೊಳೆದೆ. ಎರಡು ದಿನದಲ್ಲಿ ಆ ಅಚ್ಚುಗಳು ಬೆಲ್ಲದ ಪಾಕದ ಹಾಗೆ ಜಿಗುಟಾದವು. ಇನ್ನೊಮ್ಮೆ ತೊಳೆದದ್ದನ್ನು ಬೇಗ ಒಣಗಲಿ ಎಂದು ತಗಡಿನ ಮಾಡಿನ ಮೇಲೆ ಬಿಸಿಲಿಗೆ ಹರವಿದೆ. ಸಂಜೆಗೆ ಅವು ಮುರುಟಿ, ಒಂದು ವಾರದಲ್ಲಿ ಬಿರುಕು ಬಿಟ್ಟವು. ಕುಲಕರ್ಣಿ ಸಾಹೇಬರು ಅವತ್ತು ನನ್ನನ್ನು ಬೈಯಲಿಲ್ಲ. ಬಿರಿದ ಅಚ್ಚನ್ನು ತೆಗೆದು ತಮ್ಮ ಅಂಗೈಗೆ ಒತ್ತಿಕೊಂಡು ನೋಡಿದರು. ಅದು ಅವರ ಅಭ್ಯಾಸ. ಯಾವ ಅಚ್ಚು ಬಂದರೂ ಮೊದಲು ಅಂಗೈಗೆ ಒತ್ತಿ ನೋಡುತ್ತಿದ್ದರು, ಕೈ ತುಂಬ ಬಾತುಕೋಳಿ ಇಟ್ಟುಕೊಂಡೇ ಊಟಕ್ಕೆ ಹೋಗುತ್ತಿದ್ದರು. ‘ಸಾದಾ ನೀರು, ಮೆತ್ತನ ಅರಿವಿ, ನೆರಳು. ಇಷ್ಟ ಸಾಕ್ರಿ ಇದಕ್ಕ,’ ಎಂದರು. ನಾನೂ ನಿಮಗೆ ಅದನ್ನೇ ಹೇಳುತ್ತೇನೆ. ಬಿಗಿದ ಮಸಿಗೆ ಒಂದು ಹನಿ ಸಾಬೂನು ನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು. ಬಹಳ ದಿನ ಎತ್ತಿಡುವುದಿದ್ದರೆ ಅಚ್ಚಿನ ಮುಖಕ್ಕೆ ಚೂರು ಮೈಪುಡಿ, ಅಂದರೆ ಮಕ್ಕಳಿಗೆ ಹಚ್ಚುವ ಪೌಡರು. ಅದಕ್ಕಿಂತ ಹೆಚ್ಚಿನ ಉಪಚಾರ ರಬ್ಬರಿಗೆ ಬೇಡ. ಇದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮಾನಪ್ಪ ಕಾಕಾನ ಕಣ್ಣಿನ ತೊಂದರೆ ನನಗೆ ಗೊತ್ತಾದದ್ದು ಅವರು ನಮ್ಮ ಬಾಗಿಲಿನ ಚೌಕಟ್ಟಿಗೆ ಭುಜ ಬಡಿಸಿಕೊಂಡಾಗ. ಎದುರಿಗಿದ್ದದ್ದು ಕಾಣುತ್ತಿತ್ತು, ಬದಿಯದು ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಕಣ್ಣಿನ ನರ ಸೊರಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದೂ ಸಣ್ಣದಾಗುತ್ತ ಹೋಗುತ್ತದೆ ಎಂದಿದ್ದರಂತೆ. ಇದನ್ನೆಲ್ಲ ಅವರು ಯಾರದೋ ಸುದ್ದಿ ಹೇಳುವ ಹಾಗೆ ಹೇಳಿ, ‘ತಂಗಿ, ಒಂದು ದಿನ ರಜಾ ಹಾಕು. ಹಾನಗಲ್ಲಿಗೆ ಹೋಗಿ ಬರೂಣು,’ ಎಂದರು.

ಹಾನಗಲ್ಲಿನ ತಾರಕೇಶ್ವರ ಗುಡಿಗೆ ನಾನು ಹತ್ತಾರು ಸಲ ಹೋಗಿದ್ದೆ. ಕೈ ಮುಗಿದು, ಪ್ರಸಾದ ತೆಗೆದುಕೊಂಡು ಬಂದಿದ್ದೆ. ತಲೆ ಎತ್ತಿ ನೋಡಿದ್ದು ಕಡಿಮೆ. ಕಾಕಾ ಎಂಟು ಕಂಬಗಳ ನಡುವೆ ನೆಲದ ಮೇಲೆ ಪೇಪರ್ ಹಾಸಿ ಅಂಗಾತ ಮಲಗಿಬಿಟ್ಟರು. ‘ನೀನೂ ಮಲಗು,’ ಎಂದರು.

‘ಮಂದಿ ನೋಡ್ತಾರ್ರಿ ಕಾಕಾ.’

‘ಮಂದಿ ನಿನ್ನ ನೋಡಲಿ. ನೀ ಮ್ಯಾಲ ನೋಡು.’

ಸೆರಗು ಸರಿಮಾಡಿಕೊಂಡು ಮಲಗಿದೆ, ಮೇಲೆ ನೋಡಿದೆ. ಸೂರಿನ ಕಲ್ಲು ಸುತ್ತು ಸುತ್ತಾಗಿ ಒಳಸರಿದು ನಡುವೆ ಕಮಲವಾಗಿ ನನ್ನ ಮುಖದ ಮೇಲೆ ಇಳಿಯುತ್ತಿತ್ತು. ಅಷ್ಟು ಭಾರದ ಕಲ್ಲು ಅಷ್ಟು ಮೆತ್ತಗೆ ಹೇಗೆ ಕಾಣಬೇಕು?

‘ಸಣ್ಣಾಂವ ಇದ್ದಾಗ ಅಪ್ಪ ಇಲ್ಲೇ ಮಲಗಿಸಿ ತೋರಿಸಿದ್ದ,’ ಎಂದರು ಕಾಕಾ. ‘ಆವಾಗ ಪೂರಾ ಕಂಡಿತ್ತು. ಈಗ ಒಂದೊಂದು ಎಸಳು ಕಾಣತೈತಿ. ಕುತ್ತಿಗಿ ಹೊರಳಿಸಿದ್ರ ಮತ್ತೊಂದು ಎಸಳು. ಇಡೀ ಕಮಲ ಕಾಣವಲ್ದು.’

ಮತ್ತೆ ಸೂರಿನ ಕಡೆ ಕೈ ಚಾಚಿ, ‘ಇದನ್ನ ರಬ್ಬರಿನ್ಯಾಗ ಕೊರೀತೇನಿ. ರೊಟ್ಟಿಗಿಂತ ಚೂರು ದೊಡ್ಡದು ಮಾಡಿದ್ರ ನನ್ನ ಕಣ್ಣಿಗೆ ಒಂದ ಸಲಕ್ಕ ಸಿಗತೈತಿ,’ ಎಂದರು. ‘ಕೊರೆಯಾಕ ಹತ್ರ ಹಿಡದ್ರ ಒಂದೊಂದು ಎಸಳಷ್ಟ ಕಾಣತೈತಿ, ಅದಕ್ಕ ಎಂಟು ತುಂಡು ಮಾಡತೇನಿ. ಹಿಡಕಿ ಇದ್ದಿದ್ರ ಎಂಟನ್ನೂ ಒತ್ತೊತ್ತಿ ಜೋಡಸಾಕ ಆಗ್ತಿದ್ದಿಲ್ಲ. ಬೋಳು ಅಚ್ಚು ಅಂದ್ರ ಗಾಜಿನ ಮ್ಯಾಲ ಅಂಚಿಗೆ ಅಂಚು ಕೂಡತಾವ.’

ಒಂದೇ ರಬ್ಬರ್ ಹಾಳೆಯಿಂದ ಎಂಟು ತುಂಡುಗಳನ್ನು, ಕಲ್ಲಂಗಡಿ ಹೋಳಿನ ಹಾಗೆ ನಡುವಿಗೆ ಚೂಪು ಬರುವಂತೆ ಕತ್ತರಿಸಿಕೊಂಡರು. ಒಂದು ತುಂಡಿಗೆ ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಮುಗಿದದ್ದನ್ನು ತಂದು ನನಗೆ ಒಪ್ಪಿಸುತ್ತಿದ್ದರು. ಎಂಟೂ ಆಗುವವರೆಗೆ ಯಾವುದನ್ನೂ ಒತ್ತಿ ನೋಡಕೂಡದು ಎಂದು ಕಟ್ಟಪ್ಪಣೆ. ಸಾಹೇಬರು ಅಂಗೈ ಚಾಚಿದರೂ ನಾನು ಕೊಡಲಿಲ್ಲ. ಐದನೆಯದು ತಂದಾಗ ಕಾಕಾ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಏಳನೆಯದು ತಂದಾಗ ಮಗಳ ಕೈ ಹಿಡಿದು ಬಂದರು. ‘ಇನ್ನೊಂದು ಐತಿ, ತಂಗಿ. ನನ್ನ ಕಣ್ಣು ಮೊದಲೋ ಅದು ಮೊದಲೋ ನೋಡೂಣು,’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಏಳು ತುಂಡುಗಳಿಗೆ ಬೇರೆಯೇ ಒಂದು ಸ್ಟೀಲಿನ ತಾಟು ಮಾಡಿ, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೆ.

ಆ ವರ್ಷದ ಮಹಾನವಮಿ ಬಂತು. ಖಂಡೇಪೂಜೆಯ ದಿನ ನಮ್ಮ ಮನೆಯಲ್ಲಿ ಅಪ್ಪ ಕುಡಗೋಲು, ಕೊಡಲಿ, ಕೂರಿಗೆ, ಬಾರುಕೋಲು ಎಲ್ಲ ತೊಳೆದು ಎಣ್ಣೆ ಸವರಿ ಸಾಲಾಗಿ ಇಟ್ಟು ವಿಭೂತಿ ಹಚ್ಚುತ್ತಿದ್ದ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಎಣ್ಣೆ ಕಾಣಿಸಲೇಬೇಕು, ಇಲ್ಲದಿದ್ದರೆ ಅದು ಮುನಿಯುತ್ತದೆ ಎಂದು ನಾನು ನಂಬಿದವಳು. ಘಟಕದಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ, ಕತ್ತರಿ ಚಾಕುಗಳಿಗೆ ಉಳಿದವರು ಎಣ್ಣೆ ಹಚ್ಚಿ ಪೂಜೆ ಮಾಡಿದರು. ನನ್ನ ಆಯುಧ ಯಾವುದು? ಹಿಂದಿನ ವರ್ಷಗಳಲ್ಲಿ ಕಪಾಟಿನ ಕೀಲಿಗೆ ಒಂದು ಹನಿ ಹಚ್ಚಿ ಮುಗಿಸುತ್ತಿದ್ದೆ, ಈ ಸಲ ಮನಸ್ಸು ಒಪ್ಪಲಿಲ್ಲ. ನನ್ನ ಬಳಿ ಇದ್ದದ್ದು ಒಂದು ಬಟ್ಟಲು ಕುಸುಬೆ ಎಣ್ಣೆ. ಎಲ್ಲ ಅಚ್ಚಿಗೂ ಸಾಲದು. ಅದಕ್ಕೆ ಎಲ್ಲಕ್ಕಿಂತ ಬೆಲೆಯುಳ್ಳ ಆ ಏಳು ತುಂಡುಗಳನ್ನು ಕೆಳಗಿಳಿಸಿ, ಅರಳೆ ಅದ್ದಿ, ಮುಂದೆ ಹಿಂದೆ ಎರಡೂ ಬದಿಗೆ ಧಾರಾಳವಾಗಿ ಹಚ್ಚಿದೆ. ಉಳಿದ ಎಣ್ಣೆಯನ್ನೂ ತಾಟಿಗೇ ಸುರಿದೆ. ಕುಂಕುಮ ಇಟ್ಟು, ಹೂವು ಏರಿಸಿ, ಕಾಕಾನ ಕಣ್ಣು ಇನ್ನೊಂದು ತುಂಡಿನ ಮಟ್ಟಿಗಾದರೂ ಉಳಿಯಲಿ ಎಂದು ಕೈ ಮುಗಿದು ಕಪಾಟು ಮುಚ್ಚಿದೆ.

ಬನ್ನಿ ಮುಡಿದು, ಸೀಗೆಹುಣ್ಣಿಮೆಗೆ ಹೊಲದಲ್ಲಿ ಎಡೆಯ ಚರಗ ಚೆಲ್ಲಿ, ರಜೆ ಮುಗಿಸಿ ಎಂಟನೆಯ ದಿನ ಬಂದು ಕಪಾಟು ತೆರೆದೆ. ತಾಟಿನಲ್ಲಿ ಎಣ್ಣೆ ಇರಲಿಲ್ಲ. ರಬ್ಬರ್ ಅದನ್ನೆಲ್ಲ ಕುಡಿದು, ನೆನೆ ಹಾಕಿದ ಕಡಲೆಯ ಹಾಗೆ ಉಬ್ಬಿತ್ತು. ಮುಟ್ಟಿದರೆ ಮೆತ್ತಗೆ. ಕಬ್ಬಿಣಕ್ಕೆ, ತೊಗಲಿಗೆ ಆಗುವ ಎಣ್ಣೆ ರಬ್ಬರಿಗೆ ಆಗುವುದಿಲ್ಲ ಎಂಬುದು ನನಗೆ ತಿಳಿದದ್ದು ಹೀಗೆ.

ಸಾಹೇಬರು ಒಂದು ತುಂಡನ್ನು ಬೆರಳಿನಿಂದ ಅದುಮಿ ನೋಡಿದರು. ‘ಒಗದಬಿಡ್ರಿ. ಅವರಿಗೆ ಇಲಿ ತಿಂದಾವ ಅಂತ ಹೇಳೂಣು,’ ಎಂದರು. ನನ್ನನ್ನು ಉಳಿಸಲೆಂದೇ ಅಂದ ಮಾತು ಅದು, ನನಗೆ ಗೊತ್ತಿತ್ತು. ನಾನು, ‘ಹಂಗ ಹೇಳಾಕ ಆಗೂದಿಲ್ರಿ ಸಾಹೇಬ್ರ,’ ಎಂದೆ.

ನಾಲ್ಕು ದಿನಕ್ಕೆ ಕಾಕಾ ಬಂದರು. ಮಗಳು ಕೂಡಿಸಿದ ಕುರ್ಚಿಯಲ್ಲಿ ಕೂತು, ಅಂಗಿಯ ಒಳಜೇಬಿನಿಂದ ಎಂಟನೆಯ ತುಂಡನ್ನು ಅರಿವೆ ಬಿಚ್ಚಿ ತೆಗೆದರು. ‘ಕಡೀ ಎರಡು ಗೆರಿ ಬೆರಳಿನಿಂದನ ಕೊರದೇನಿ. ಈಗ ಬೆಳಕು ಕತ್ತಲಿ ಅಷ್ಟ ಗೊತ್ತಾಗತೈತಿ. ಇರಲಿ, ನೀವೆಲ್ಲಾ ನೋಡಿ ಹೇಳ್ರಿ. ಒತ್ತು ತಂಗಿ,’ ಎಂದರು.

ನಾನು ನಿಂತಲ್ಲೇ ಹೇಳಿದೆ. ಪೂಜೆ ಮಾಡಿದ್ದು, ಎಣ್ಣೆ ಹಚ್ಚಿದ್ದು, ಉಬ್ಬಿದ್ದು, ಎಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಎಂಟನೆಯ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಕುಸುಬಿ ಎಣ್ಣಿ ಏನು? ನಾವು ಉಣ್ಣಾಕ ಹಿಡದು ಹಿಡದು ಹಾಕ್ತೇವಿ, ಏಳು ತುಂಡಿಗೆ ಒಂದು ಬಟ್ಟಲು ಸುರವಿ ಅಂದ್ರ ಭಾಳ ದೊಡ್ಡ ಮನಸು ಬೇ ನಿಂದು,’ ಎಂದರು. ಅವರ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಗಾಜಿನ ಮ್ಯಾಲ ಜೋಡಸು,’ ಎಂದರು ಕಾಕಾ.

ಉಬ್ಬಿದ ಏಳು, ಹೊಸದೊಂದು. ಜೋಡಿಸಿದೆ. ಕಾಕಾ ಕುರ್ಚಿ ಎಳೆದುಕೊಂಡು, ಎರಡೂ ಕೈಯ ಬೆರಳುಗಳನ್ನು ಅದರ ಮೇಲೆ ಆಡಿಸತೊಡಗಿದರು. ಒಂದೊಂದು ಅಂಚನ್ನೂ ಉಗುರಿನಿಂದ ಹಿಂಬಾಲಿಸಿದರು. ನನ್ನ ಕಣ್ಣಿಗೆ ಕಂಡದ್ದು ಇಷ್ಟೇ: ಹೊಸ ತುಂಡು ಗಿಡ್ಡಾಗಿದೆ, ಅದರ ಗೆರೆಗಳು ಪಕ್ಕದವಕ್ಕೆ ತಾಗುತ್ತಿಲ್ಲ, ಕಮಲ ಒಂದು ಕಡೆ ಮುರಿದಿದೆ. ಆ ಬೆರಳುಗಳು ಬೇರೆಯದನ್ನೇ ಕಾಣುತ್ತಿದ್ದವು.

‘ಮೂಲಿ ಕೂಡತೈತಿ,’ ಎಂದರು.

‘ಏನ್ರಿ ಕಾಕಾ?’

‘ಚೂಪು ಮೂಲಿ. ಎಂಟೂ ನಡುವ ಬಂದು ಸರಿಯಾಗಿ ಕುಂತಾವ. ಏಳರ ಗೆರಿ ಒಂದಕ್ಕೊಂದು ತಾಗ್ಯಾವ. ಇದೊಂದ ತಾಗವಲ್ದು. ಅಂದ್ರ ಏಳೂ ಸಮ ಬೆಳದಾವ. ಸೊಟ್ಟ ಆಗಿಲ್ಲ. ಒಂದ ಹಾಳಿ ರಬ್ಬರ್ ಅಲ್ಲೇನು ಅವು.’ ಹೊಸ ತುಂಡನ್ನು ಎತ್ತಿ ನನ್ನ ಕಡೆ ಚಾಚಿದರು. ‘ಇದಕ್ಕೂ ಎಣ್ಣಿ ಹಚ್ಚು. ಇದೂ ಅವುಗಳಷ್ಟ ಬೆಳೀಲಿ.’

ನನ್ನ ಕೈ ಮುಂದೆ ಹೋಗಲಿಲ್ಲ. ಕೆಡದೆ ಉಳಿದಿದ್ದು ಅದೊಂದೇ. ಅವರ ಕಣ್ಣು ಕೊನೆಗೆ ಕೊರೆದದ್ದೂ ಅದೇ. ಅದೂ ಹೋದರೆ ಏನೂ ಉಳಿಯುವುದಿಲ್ಲ. ‘ಕಾಕಾ, ನನಗ ಧೈರ್ಯ ಇಲ್ರಿ,’ ಎಂದೆ.

‘ಅವಕ್ಕ ಹಚ್ಚುವಾಗ ಇತ್ತಲ್ಲ?’ ಎಂದರು. ಸಾಹೇಬರು ನಕ್ಕುಬಿಟ್ಟರು, ಆಮೇಲೆ ನಾಚಿಕೊಂಡು ಹೊರಗೆ ಹೋದರು.

ಮನೆಯಿಂದ ಅದೇ ಗಾಣದ ಕುಸುಬೆ ಎಣ್ಣೆ ತಂದೆ. ಅವತ್ತು ಎಷ್ಟು ಸಲ ಅರಳೆ ಅದ್ದಿದೆ, ಎಷ್ಟು ಎಣ್ಣೆ ತಾಟಿಗೆ ಉಳಿಯಿತು ಎಂದು ಕಾಕಾ ನನ್ನಿಂದ ಬಿಡಿಸಿ ಬಿಡಿಸಿ ಕೇಳಿದರು. ಬಟ್ಟಲಿನ ಏಳರಲ್ಲಿ ಒಂದು ಪಾಲು ಅಳೆದು ಹಾಕಿದೆವು. ಅದೇ ತಾಟು, ಅದೇ ಅರೆ, ಅಷ್ಟೇ ದಿನ. ಹೂವು ಏರಿಸಲು ಮಾತ್ರ ಹೋಗಲಿಲ್ಲ. ದಿನಾ ಬೆಳಿಗ್ಗೆ ಕಪಾಟು ತೆರೆದು ದಾರ ಹಿಡಿದು ಅಳೆಯುತ್ತಿದ್ದೆ. ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ದಾರ ಸಾಲಲಿಲ್ಲ. ಜೀವವಿಲ್ಲದ ಒಂದು ತುಂಡು ವಸ್ತು, ತನ್ನ ಮೈಮೇಲಿನ ಒಂದೊಂದು ಗೆರೆಯನ್ನೂ ಅಳತೆ ತಪ್ಪದೆ ಹಿಗ್ಗಿಸಿಕೊಳ್ಳುತ್ತ, ಕತ್ತಲ ಕಪಾಟಿನಲ್ಲಿ ತಾನೇ ಬೆಳೆಯುತ್ತಿತ್ತು. ನಾನು ಹೆರಿಗೆ ನೋಡಿದವಳು, ಬೀಜ ಮೊಳೆತದ್ದು ನೋಡಿದವಳು. ಆದರೂ ಆ ಎಂಟು ದಿನ ಕಪಾಟಿನ ಮುಂದೆ ನಿಂತಾಗ ಆದ ಬೆರಗು ನನಗೆ ಬೇರೆಲ್ಲೂ ಆಗಿಲ್ಲ.

ಎಂಟನೆಯ ದಿನ ಎಲ್ಲ ತುಂಡುಗಳನ್ನೂ ಕಡಲೆ ಹಿಟ್ಟಿನಿಂದ ತಿಕ್ಕಿ ಎಣ್ಣೆ ತೆಗೆದೆ, ಎರೆಯುವಾಗ ಮಕ್ಕಳ ಮೈ ತಿಕ್ಕುವ ಹಾಗೆ. ಆಮೇಲೆ ಸಾಬೂನು ನೀರು, ನೆರಳು, ಮೈಪುಡಿ. ಕಾಕಾನನ್ನು ಕರೆಸಿದೆವು. ಅಷ್ಟರಲ್ಲಿ ಅವರಿಗೆ ಕಿಟಕಿ ಯಾವ ಕಡೆ ಇದೆ ಎಂಬುದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಒತ್ತುವ ಹೊತ್ತಿನಲ್ಲಿ ನನ್ನ ಮನಸ್ಸು ತಡೆಯಲಿಲ್ಲ. ಮಸಿಯ ಕಮಲ ನಾವೆಲ್ಲ ನೋಡಬಹುದು, ಅವರೊಬ್ಬರೇ ನೋಡಲಾರರು. ಲಗ್ನಪತ್ರಿಕೆಯ ಅಕ್ಷರ ಉಬ್ಬಿಸಲು ನಮ್ಮಲ್ಲಿ ಒಂದು ಪುಡಿ ಇತ್ತು. ಹಸಿ ಮಸಿಯ ಮೇಲೆ ಉದುರಿಸಿ ಬಿಸಿ ತಾಗಿಸಿದರೆ ಅದು ಕರಗಿ, ಆರಿದ ಮೇಲೆ ಗಟ್ಟಿ ಉಬ್ಬುಗೆರೆಯಾಗಿ ನಿಲ್ಲುತ್ತದೆ. ನೀವು ಈಗ ಬಿಸಿ ಗಾಳಿಯ ಗನ್ನು ಹಿಡಿಯುತ್ತೀರಿ, ನಮಗೆ ಇಸ್ತ್ರಿ ಪೆಟ್ಟಿಗೆ. ಸಾಹೇಬರಿಗೆ ಸನ್ನೆ ಮಾಡಿದೆ. ಅವರಿಗೆ ತಿಳಿಯಿತು, ತಾವೇ ಹೋಗಿ ಇಸ್ತ್ರಿ ಕಾಯಲು ಹಚ್ಚಿದರು.

ಎಂಟು ಬೋಳು ಅಚ್ಚುಗಳನ್ನು ಮುಖ ಮೇಲಾಗಿ ಗಾಜಿನ ಮೇಲೆ ಅಂಚಿಗೆ ಅಂಚು ಕೂಡಿಸಿದೆ. ನಿಧಾನಕ್ಕೆ ಒಣಗುವ ಮಸಿಯನ್ನು ತಟ್ಟಿದೆ. ಮೇಲೆ ದೊಡ್ಡ ಕೈಕಾಗದ ಹಾಸಿ, ಅರಿವೆ ಸುತ್ತಿದ ಲಟ್ಟಣಿಗೆಯನ್ನು ಒಂದೇ ಸಲ ಉರುಳಿಸಿದೆ. ಕಾಗದ ಎತ್ತಿ, ನೋಡುವುದಕ್ಕೂ ನಿಲ್ಲದೆ ಪುಡಿ ಉದುರಿಸಿ ಕೊಡವಿದೆ. ಎರಡು ಇಟ್ಟಿಗೆಗಳ ನಡುವೆ ಅಂಗಾತ ನಿಲ್ಲಿಸಿದ ಇಸ್ತ್ರಿಯ ಮೇಲೆ ಒಂದು ಕಡೆ ನಾನು, ಇನ್ನೊಂದು ಕಡೆ ಸಾಹೇಬರು ಕಾಗದ ಹಿಡಿದು ಮೆಲ್ಲಗೆ ಆಡಿಸಿದೆವು. ಬೂದಿಯ ಹಾಗಿದ್ದ ಪುಡಿ ಒಮ್ಮೆಲೇ ಕರಗಿ, ಗೆರೆಯಿಂದ ಗೆರೆಗೆ ಹೊಳಪು ಓಡಿತು. ಸಾಹೇಬರು ಅದನ್ನು ನೋಡಿ ಬಾಯಿ ಬಿಟ್ಟರು.

ಆರಿದ ಮೇಲೆ ಕಾಗದವನ್ನು ಕಾಕಾನ ಮುಂದೆ ಮೇಜಿನ ಮೇಲಿಟ್ಟು, ಅವರ ಬಲಗೈ ಹಿಡಿದು ನಡುವಿನಲ್ಲಿ ತಂದಿಟ್ಟೆ. ‘ಕಾಕಾ, ನೋಡ್ರಿ,’ ಎಂದೆ.

ಬೆರಳು ತಾಗಿದ ಕೂಡಲೇ ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಮತ್ತೆ ಇಟ್ಟರು. ಹೆಬ್ಬೆರಳು ನಡುವಿನಿಂದ ಒಂದು ಎಸಳಿನ ತುದಿಯವರೆಗೆ ಹೋಗಿ ಬಂತು, ಪಕ್ಕದ ಎಸಳಿಗೆ ಹೋಯಿತು. ಆಮೇಲೆ ಎರಡೂ ಅಂಗೈಗಳನ್ನು ಬಿಡಿಸಿ ಇಡೀ ಕಮಲದ ಮೇಲೆ ಊರಿ, ಹಾಗೇ ಕೂತರು. ಮತ್ತೆ ತೋರುಬೆರಳಿನಿಂದ ಹೊರಗಿನ ಸುತ್ತು ಹಿಡಿದರು. ಒಂದು ಸುತ್ತು ಬಂದರು. ಎರಡನೆಯ ಸುತ್ತು ಇನ್ನೂ ಮೆಲ್ಲಗೆ, ಉಗುರು ಆನಿಸಿ. ಮೂರನೆಯ ಸುತ್ತಿನ ನಡುವೆ ನಿಂತರು.

‘ತುಂಡು ಜೋಡಸಿದ್ದು ಎಲ್ಲಿ ಐತಿ ಬೇ ತಂಗಿ?’

ನಾನು ಬಗ್ಗಿದೆ. ಎಂಟು ತುಂಡುಗಳನ್ನು ಸ್ವಂತ ಕೈಯಿಂದ ಕೂಡಿಸಿದವಳು ನಾನು. ಕಾಗದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡೆ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಅಳು ಬಂತು, ತಡೆಯಲಿಲ್ಲ.

‘ಹುಡಕಾಕತ್ತೇನ್ರಿ ಕಾಕಾ,’ ಎಂದೆ. ‘ನನಗೂ ಸಿಗವಲ್ದು.’

‘ಬಿಡು ಹಂಗಾರ,’ ಎಂದರು ಮಾನಪ್ಪ ಕಾಕಾ. ‘ಹುಡಕಬ್ಯಾಡ.’

ತಮ್ಮ ಬೆರಳನ್ನು ಮಾತ್ರ ಅವರು ಎತ್ತಲಿಲ್ಲ. ಅದು ನಾಲ್ಕನೆಯ ಸುತ್ತು ಹೊರಟಿತ್ತು.